ಅಳಿಯನ ಅಲ್ಟೂರಾ

ಭಾರವನ್ನು ಹೊರುವುದಕ್ಕೆಂದೇ ಹುಟ್ಟಿದ ವಾಹನವೊಂದನ್ನು ಏನನ್ನೂ ಹೊರಲಾರದಂತೆ ನೆಲದ ಸಮೀಪಕ್ಕೆ ಇಳಿಸಿ, ಆ ಅಸಾಮರ್ಥ್ಯವನ್ನೇ ಸೌಂದರ್ಯವೆಂದು ಕೊಂಡಾಡುವ ರಸಿಕತೆಯನ್ನು ನಾನು ಅರುವತ್ತು ದಾಟಿದ ಮೇಲೆ, ಅದೂ ಬೆಳ್ಮಣ್ಣಿನ ನಮ್ಮ ಮನೆಯಂಗಳದಲ್ಲಿಯೇ ಕಾಣಬೇಕಾಯಿತು. ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದ ನನ್ನ ಸೋದರಳಿಯನು, ತಯಾರಿಕೆ ನಿಂತು ಬಹುಕಾಲವಾದ ಮಾರುತಿ ಬಲೆನೊ ಅಲ್ಟೂರಾ ಒಂದನ್ನು ಎಲ್ಲಿಂದಲೋ ಹುಡುಕಿ ತಂದಿದ್ದಾನೆ. ಜಪಾನಿನ ಸುಜುಕಿಯವರು ಕಲ್ಟಸ್ ಎಂಬ ಹೆಸರಿನಿಂದ ಸ್ವದೇಶದಲ್ಲಿ ಮಾರುತ್ತಿದ್ದ ಈ ಕುಲದ ಕಾರು ಬಲೆನೊ ಆಗಿ 1999ರಲ್ಲಿ ನಮ್ಮ ದೇಶಕ್ಕೆ ಬಂದಿತು. ಅದರ ಮಾಡನ್ನು ಹಿಂಬದಿಯವರೆಗೂ ನೀಳವಾಗಿ ಎಳೆದು ಮಾಡಿದ ರೂಪವೇ ಅಲ್ಟೂರಾ. 1.6 ಲೀಟರಿನ ಎಂಜಿನು, ಮಂಚವನ್ನು ಮಲಗಿಸಬಹುದಾದಷ್ಟು ಸ್ಥಳ. ಆದರೂ ಡಿಕ್ಕಿ ಪ್ರತ್ಯೇಕವಾಗಿ ಹೊರಚಾಚಿದ್ದರೆ ಮಾತ್ರ ಕಾರೆಂದು ಒಪ್ಪುವ ನಮ್ಮ ಜನರು ಅದನ್ನು ಆಂಬ್ಯುಲೆನ್ಸಿನ ಜಾತಿಗೆ ಸೇರಿಸಿ ಕೈಬಿಟ್ಟರು.

ಸ್ಟೇಷನ್ ವ್ಯಾಗನ್ ಎಂಬ ಈ ಬಗೆಯ ಬಂಡಿಯ ಪೂರ್ವಜರು ಅಮೆರಿಕದವರು. ರೈಲಿನಿಂದ ಇಳಿದವರನ್ನೂ ಅವರ ಪೆಟ್ಟಿಗೆಗಳನ್ನೂ ನಿಲ್ದಾಣದಿಂದ ಹೋಟೆಲಿಗೆ ಸಾಗಿಸಲು ಮರದ ಒಡಲಿನಿಂದ ಕಟ್ಟಿಸಿಕೊಳ್ಳುತ್ತಿದ್ದ ವಾಹನವನ್ನು ಫೋರ್ಡಿನವರು 1929ರಲ್ಲಿ ತಾವೇ ತಯಾರಿಸಿ ಮಾರತೊಡಗಿದರು. ಉಡುಪಿಗೆ ರೈಲು ಬಂದದ್ದೇ 1993ರಲ್ಲಿ. ಆದುದರಿಂದ ನಮ್ಮ ಹಿರಿಯರಿಗೆ ಅದರ ಅಗತ್ಯ ಬೀಳಲಿಲ್ಲ. ನಾನು ಮೊದಲು ಅಂಥದನ್ನು ನಡೆಸಿದ್ದು ಬಹರೈನಿನಲ್ಲಿ, ಧಣಿಯ ಡಾಟ್ಸನ್ ಗಾಡಿಯನ್ನು. ಅಕ್ಕಿಮೂಟೆ ಏರಿಸಿದಾಗ ಅದರ ಹಿಂಭಾಗ ತಾನಾಗಿಯೇ ಕುಸಿಯುತ್ತಿತ್ತು. ಅದನ್ನು ಯಾರೂ ಶೃಂಗಾರವೆನ್ನಲಿಲ್ಲ.

ಅಳಿಯನಾದರೋ ಬರಿದಾದ ಗಾಡಿಯನ್ನೇ ಕುಸಿಸಬೇಕೆಂದು ಹೊರಟವನು. ಗ್ಯಾರೇಜಿನ ಮೇಸ್ತ್ರಿಯು, "ಸ್ಪ್ರಿಂಗಿನ ಒಂದು ಸುತ್ತು ಕಟ್ ಮಾಡಿದರೆ ಆಯಿತಲ್ಲ?" ಎಂದು ಗ್ರೈಂಡರನ್ನು ಕೈಗೆತ್ತಿಕೊಂಡಾಗ ಇವನು ಅಡ್ಡನಿಂತು, ಸುತ್ತು ಕಡಿಮೆಯಾದಂತೆ ಸ್ಪ್ರಿಂಗು ಬಿರುಸಾಗುವುದೆಂದೂ, ತುದಿಯನ್ನು ತುಂಡರಿಸಿದರೆ ಅದು ತನ್ನ ಪೀಠದಲ್ಲಿ ಸರಿಯಾಗಿ ಕೂರದೆಂದೂ ಉಪನ್ಯಾಸ ಮಾಡಿ, ಕುಳ್ಳಾದ ಬೇರೆ ಸ್ಪ್ರಿಂಗುಗಳನ್ನೂ ಅವಕ್ಕೊಪ್ಪುವ ಶಾಕ್ ಅಬ್ಸಾರ್ಬರುಗಳನ್ನೂ ತರಿಸಿದನು. ಕಾರು ತಗ್ಗಿದೊಡನೆ ಚಕ್ರಗಳು ಮೇಲ್ತುದಿಯಲ್ಲಿ ಒಳಕ್ಕೆ ವಾಲಿದವು. ಅಲೈನ್‌ಮೆಂಟ್ ಮಾಡಿಸದಿದ್ದರೆ ಟಯರಿನ ಒಳಮೈ ಮಾತ್ರವೇ ಸವೆಯುತ್ತದಂತೆ. ಅನಂತರ ಅಗಲವಾದ ಅಲಾಯ್ ಚಕ್ರಗಳು ಬಂದವು. ಚಕ್ರಕ್ಕೂ ಅದರ ಮೇಲಿನ ಕಮಾನಿಗೂ ನಡುವೆ ಎರಡು ಬೆರಳು ಮಾತ್ರ ಹಿಡಿಯತಕ್ಕದ್ದೆಂಬುದು ಕಾರು ತಗ್ಗಿಸುವವರ ಶಾಸ್ತ್ರ. ಅವನು ಬಾಗಿ, ಬೆರಳು ತೂರಿಸಿ, ನಾಲ್ಕು ಮೂಲೆಗಳನ್ನೂ ಅಳೆದನು. ಕಣ್ಣಿಗೆ ಚೆಂದವಾಗಿಲ್ಲವೆಂದರೆ ನಾನು ಸುಳ್ಳಾಡಿದಂತಾದೀತು. ಉದ್ದನೆಯ ಆ ಮಾಡಿನ ರೇಖೆಗೆ ಮೊದಲಿಲ್ಲದ ಒಂದು ಗಾಂಭೀರ್ಯ ಬಂದಿದೆ.

ಕವಿ ಮುದ್ದಣನ ನಂದಳಿಕೆ ನಮಗೆ ಸಮೀಪ. ಅವನ ಕಾವ್ಯದಲ್ಲಿ ಕಥೆಯ ನಡುವೆ ಪ್ರಶ್ನೆ ಹಾಕುತ್ತಲೇ ಇರುವ ಮಡದಿ ಮನೋರಮೆಯ ನೆರೆಯವಳಾದುದರಿಂದಲೋ ಏನೋ, ನನ್ನ ಹೆಂಡತಿಯೂ ಪ್ರಶ್ನೆ ಕೇಳದೆ ಬಿಡುವವಳಲ್ಲ. "ಪೊಲೀಸರು ಹಿಡಿಯುವುದಿಲ್ಲವೇ?" ಎಂದಳು. ಪ್ರಶ್ನೆ ಯುಕ್ತವೇ. ತಯಾರಕನು ಕೊಟ್ಟ ಮೂಲವಿವರಗಳಿಗೆ ನೋಂದಣಿಪತ್ರವು ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಿಧಿಸುತ್ತದೆ. ಅಳಿಯನು ಎತ್ತರವು ಆ ಪತ್ರದಲ್ಲಿ ಬರೆದಿಲ್ಲವೆಂದು ವಾದಿಸಿದನು. ಆ ವಾದವನ್ನು ಪೊಲೀಸರ ಮುಂದೆ ಹೂಡುವ ಧೈರ್ಯ ಅವನಿಗಿದ್ದಂತೆ ತೋರಲಿಲ್ಲ.

ಪೊಲೀಸರಿಗಿಂತ ಹಂಪುಗಳದೇ ಶಿಸ್ತು ಹೆಚ್ಚು. ಕಾರ್ಕಳ-ಪಡುಬಿದ್ರಿ ರಸ್ತೆಯಲ್ಲಿ ಬಸ್ಸುಗಳು ಹಾರ್ನ್ ಬಾರಿಸುತ್ತ ಹಾರಿಹೋಗುವಾಗ, ಇವನು ಪ್ರತಿಯೊಂದು ಹಂಪಿನೆದುರೂ ನಿಂತು, ಕಾರನ್ನು ಓರೆಮಾಡಿ, ಒಂದೊಂದೇ ಚಕ್ರವನ್ನು ಮೃದುವಾಗಿ ದಾಟಿಸುತ್ತಾನೆ.

ಮೊನ್ನೆ ಕಾಪುವಿನಲ್ಲಿರುವ ನಾದಿನಿಯ ಮನೆಗೆ ನಾವೆಲ್ಲರೂ ಹೊರಟಾಗ ಹೆಂಡತಿಯು ನಾಲ್ಕು ಹಲಸಿನಹಣ್ಣುಗಳನ್ನು ಹಿಂಬಾಗಿಲಿನ ಬಳಿ ತಂದಿರಿಸಿದಳು. ಅಳಿಯನು ಹಣ್ಣುಗಳನ್ನೂ ನನ್ನ ಗಾತ್ರವನ್ನೂ ಒಮ್ಮೆ ನೋಡಿ, "ಅತ್ತೇ, ಮಾವ ಬರುವುದಾದರೆ ಹಲಸು ಬೇಡ" ಎಂದನು. ಬಹಳ ಚರ್ಚೆಯ ಬಳಿಕ ಹಲಸು ಕಾರಿನಲ್ಲಿ ಹೋಯಿತು; ನಾನು ರಿಕ್ಷಾದಲ್ಲಿ ಹೊರಟು, ಅವರಿಗಿಂತ ಮೊದಲೇ ಕಾಪುವನ್ನು ತಲುಪಿ, ಚಹಾ ಮುಗಿಸಿದ್ದೆನು.