ಮನೆಗೆ ಕೀಬೋರ್ಡೋ, ಡಿಜಿಟಲ್ ಪಿಯಾನೋವೋ?

ಬೆಂಗಳೂರಿನ ಬಾಗಲಗುಂಟೆಯ 20x30 ಅಡಿ ಸೈಟಿನ ಮನೆಗಳಲ್ಲಿ ಮೊದಲು ಅಳೆಯಬೇಕಾದದ್ದು ಜಾಗ. 61 ಕೀಗಳ ಕೀಬೋರ್ಡಿನ ಉದ್ದ ಸುಮಾರು 95 ಸೆಂ.ಮೀ., ತೂಕ ನಾಲ್ಕೈದು ಕಿಲೋ. ಬಾರಿಸಿದ ಮೇಲೆ ಮಂಚದಡಿ ಸರಿಸಿಡಬಹುದು. 88 ಕೀಗಳ ಡಿಜಿಟಲ್ ಪಿಯಾನೋ ಸುಮಾರು 130 ಸೆಂ.ಮೀ. ಉದ್ದವಿದ್ದು, ಹತ್ತು ಕಿಲೋಗಿಂತ ಹೆಚ್ಚು ತೂಗುತ್ತದೆ. ಅದಕ್ಕೆ ಕಾಯಂ ಜಾಗ ಬೇಕು.

ಎರಡನೆಯದು ಕಲಿಕೆಯ ದಾರಿ. ಲಂಡನ್ನಿನ ಟ್ರಿನಿಟಿ ಕಾಲೇಜು ಕೀಬೋರ್ಡಿಗೂ ಪಿಯಾನೋಗೂ ಬೇರೆ ಬೇರೆ ಗ್ರೇಡ್ ಪರೀಕ್ಷೆ ನಡೆಸುತ್ತದೆ. ಪಿಯಾನೋ ಕಲಿಯುವವರಿಗೆ ಪಿಯಾನೋ ಒಳಗಿನ ಸುತ್ತಿಗೆಯ ಭಾರವನ್ನು ಅನುಕರಿಸುವ ಹ್ಯಾಮರ್ ಆ್ಯಕ್ಷನ್ ಕೀಗಳು ಬೇಕು. ಹಗುರ ಕೀಗಳಲ್ಲಿ ಪಳಗಿದ ಬೆರಳು ನಿಜವಾದ ಪಿಯಾನೋದಲ್ಲಿ ಸೋಲುತ್ತದೆ. ಸಿನಿಮಾ ಹಾಡು, ಭಾವಗೀತೆಗಳಿಗೆ 61 ಕೀ ಸಾಕು. ಆದರೆ ಒತ್ತಿದ ರಭಸಕ್ಕೆ ತಕ್ಕಂತೆ ದನಿ ಏರಿಳಿಯುವ ಟಚ್ ಸೌಲಭ್ಯವಿರಲೇಬೇಕು.

ಕರ್ನಾಟಕ ಸಂಗೀತಕ್ಕೆ ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್, ಗಮಕಕ್ಕೆ ಪಿಚ್ ಬೆಂಡ್ ಚಕ್ರ ಅಗತ್ಯ. ಯಮಾಹಾ, ಕ್ಯಾಸಿಯೋಗಳ ಭಾರತೀಯ ಮಾದರಿಗಳಲ್ಲಿ ತಂಬೂರಿ, ತಬಲಾ ದನಿಗಳೂ ಇರುತ್ತವೆ.

ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ಹೆಡ್‌ಫೋನ್ ಕಿಂಡಿ ಕಡ್ಡಾಯ. ಸ್ಟ್ಯಾಂಡ್, ಪೆಡಲ್, ಧೂಳಿನ ಹೊದಿಕೆಯ ಖರ್ಚನ್ನೂ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು.