ಬೀಪ್ ಅಂದರೆ ಸಾಲದು

ಕೀ ಆನ್ ಮಾಡಿ, ಕಾಂಟ್ಯಾಕ್ಟ್ ಪಾಯಿಂಟ್ ಮುಚ್ಚಿರುವ ಜಾಗದಲ್ಲಿ ಇಂಜಿನ್ ನಿಲ್ಲಿಸಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ತುದಿಯ ಮೇಲೂ ಇನ್ನೊಂದನ್ನು ಇಗ್ನಿಷನ್ ಕಾಯಿಲಿಗೆ ಕರೆಂಟ್ ಬಂದು ಸೇರುವ ತುದಿಯಲ್ಲೂ ಇಟ್ಟಾಗ 0.9 ವೋಲ್ಟ್ ಅಂತ ಬಂದರೆ ನನಗಾಗುವ ಸಂತೋಷ ಅಷ್ಟಿಷ್ಟಲ್ಲ. ಅಲ್ಲಿ ಸೊನ್ನೆ ಇರಬೇಕಿತ್ತು. ಕಳ್ಳ ಮನೆಯೊಳಗೇ ಸಿಕ್ಕಿಬಿದ್ದ ಹಾಗೆ.

ಕಳೆದ ವಾರ ಸಿಕ್ಕಿಬಿದ್ದದ್ದು ಜಯನಗರ ಒಂಬತ್ತನೇ ಬ್ಲಾಕಿನ ಗೆಳೆಯರೊಬ್ಬರ ಯೆಜ್ಡಿ ಬೈಕಿನಲ್ಲಿ. ಮಳೆ ಶುರುವಾದಾಗಿನಿಂದ ಕಿಕ್ ಹೊಡೆದು ಹೊಡೆದು ಅವರ ಮೊಣಕಾಲು ಸೋತಿತ್ತು. ಹೊಸ ಬ್ಯಾಟರಿ, ಹೊಸ ಕಾಯಿಲ್, ಹೊಸ ಕಂಡೆನ್ಸರ್, ಹೊಸ ಪ್ಲಗ್, ಎಲ್ಲ ಬಂದಾಗಿತ್ತು. ದೋಷ ಕೂತಿದ್ದದ್ದು ಹೆಡ್‌ಲ್ಯಾಂಪಿನ ಮೇಲಿರುವ ಇಗ್ನಿಷನ್ ಸ್ವಿಚ್ಚಿನೊಳಗೆ, ಹಸಿರು ಕಿಲುಬು ಹಿಡಿದ ಒಂದು ಹಿತ್ತಾಳೆ ಪಟ್ಟಿಯಲ್ಲಿ. ಉಜ್ಜಿ ಒರೆಸಿ ಕೂರಿಸಿದ್ದೇ ತಡ, ಗಾಡಿ ಎದ್ದಿತು. ಖರ್ಚು ಒಂದು ಪೈಸೆಯೂ ಇಲ್ಲ.

ಹಳೇ ಯೆಜ್ಡಿ 6 ವೋಲ್ಟಿನ ಗಾಡಿ. ಅದರಲ್ಲಿ 0.9 ಹೋದರೆ ಶೇಕಡ 15 ಹೋಯಿತು. 12 ವೋಲ್ಟಿನ ಗಾಡಿಯಾಗಿದ್ದರೆ ಹೋಗುತ್ತಿದ್ದದ್ದು ಅದರ ಅರ್ಧ. ಮೇಲಾಗಿ, ಕಾಯಿಲಿನಲ್ಲಿ ಕೂಡುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುತ್ತದೆ: ಕರೆಂಟು ಶೇಕಡ 15 ಇಳಿದರೆ ಕಿಡಿಯ ಶಕ್ತಿ ಹತ್ತಿರ ಹತ್ತಿರ ಶೇಕಡ 28 ಇಳಿಯುತ್ತದೆ. ಬಿಸಿಲಲ್ಲಿ ಹೇಗೋ ಎದ್ದ ಗಾಡಿ ಜಡಿಮಳೆಯ ಬೆಳಗ್ಗೆ ಯಾಕೆ ಮೊಂಡು ಹಿಡಿಯುತ್ತದೆ ಅನ್ನುವುದಕ್ಕೆ ಈ ಲೆಕ್ಕ ಸಾಕು.

ನನ್ನ ಜಗಳ ಬೀಪ್ ನಂಬುವವರ ಜೊತೆ. ಎಸ್.ಪಿ. ರೋಡಿನಲ್ಲಿ ಅಗ್ಗದ ಮೀಟರ್ ಕೊಳ್ಳುತ್ತಾರೆ, ವೈರಿನ ಎರಡೂ ತುದಿಗೆ ಕಡ್ಡಿ ಮುಟ್ಟಿಸುತ್ತಾರೆ, ಬೀಪ್ ಅಂದ ಕೂಡಲೇ "ವೈರಿಂಗ್ ಸರಿಯಾಗಿದೆ ಸಾರ್, ಕಾಯಿಲೇ ಹೋಗಿದೆ" ಅಂತ ತೀರ್ಪು ಕೊಡುತ್ತಾರೆ. ಬೀಪ್ ಅನ್ನಿಸಲು ಮೀಟರ್ ಕಳಿಸುವುದು ಒಂದೆರಡು ಮಿಲಿಆಂಪಿಯರ್ ಮಾತ್ರ. ಹತ್ತು ಎಳೆಯ ವೈರಿನಲ್ಲಿ ಒಂಬತ್ತು ತುಂಡಾಗಿ ಒಂದು ಉಳಿದಿದ್ದರೂ ಅಷ್ಟನ್ನು ಅದು ಸುಖವಾಗಿ ಹೊರುತ್ತದೆ. ಇಪ್ಪತ್ತು ಓಂ ಅಡ್ಡಿಯಿದ್ದರೂ ಬೀಪ್ ಅನ್ನುವ ಮೀಟರುಗಳು ಬೇಕಾದಷ್ಟಿವೆ. ಆದರೆ ಕಾಯಿಲ್ ಕೇಳುವುದು ಸುಮಾರು ಮೂರು ಆಂಪಿಯರ್. ಅಷ್ಟು ಹರಿಯುವಾಗ ಬರೀ 0.3 ಓಂನ ಕೆಟ್ಟ ಜಾಯಿಂಟ್ 0.9 ವೋಲ್ಟನ್ನು ನುಂಗುತ್ತದೆ. ಕೆಲಸ ಮಾಡುತ್ತಿರುವ ವೈರನ್ನು ಕೆಲಸ ಮಾಡುವಾಗಲೇ ಅಳೆಯಬೇಕು. ಬ್ಯಾಟರಿಯಿಂದ ಕಾಯಿಲಿಗೆ ಒಂದು ಅಳತೆ, ಮುಚ್ಚಿದ ಪಾಯಿಂಟಿನ ಎರಡೂ ಬದಿಗೆ ಇನ್ನೊಂದು, ಇಂಜಿನ್ನಿನ ಮೈಯಿಂದ ಬ್ಯಾಟರಿಯ ಅರ್ಥ್ ತುದಿಗೆ ಮತ್ತೊಂದು. ಮೂರೂ ಸೊನ್ನೆಯ ಹತ್ತಿರ ಇರಬೇಕು. ಅಳೆದಾದ ಮೇಲೆ ಕೀ ತಕ್ಷಣ ಆಫ್ ಮಾಡಿ. ಪಾಯಿಂಟ್ ಮುಚ್ಚಿದ್ದಾಗ ಕಾಯಿಲ್ ಸುಮ್ಮನೆ ಬಿಸಿಯಾಗುತ್ತದೆ.

ಪಾಯಿಂಟ್ ಅಂದೆನಲ್ಲ, ಅದನ್ನು ಮರಳು ಕಾಗದದಿಂದ ಉಜ್ಜಿ ಹಾಗೇ ಬಿಡುವವರ ಮೇಲೂ ನನಗೆ ಸಿಟ್ಟಿದೆ. ಉದುರಿದ ಕಣ ಎರಡು ಮುಖಗಳ ನಡುವೆ ಉಳಿದು ಕರೆಂಟನ್ನು ತಡೆಯುತ್ತದೆ. ಹೊಸ ಪಾಯಿಂಟಿನ ಮೇಲೆ ತುಕ್ಕು ತಡೆಯಲು ಹಚ್ಚಿದ ಎಣ್ಣೆಯ ಪದರವೂ ಹಾಗೆಯೇ. ಎರಡಕ್ಕೂ ಮದ್ದು ಮದುವೆ ಕಾಗದ: ಚಿನ್ನದ ಬಣ್ಣ, ಅರಿಶಿನ ಇಲ್ಲದ ಬಿಳಿ ಅಂಚನ್ನು ಕತ್ತರಿಸಿ, ಒಂದು ಹನಿ ಪೆಟ್ರೋಲ್ ತಾಗಿಸಿ, ಮುಚ್ಚಿದ ಪಾಯಿಂಟಿನ ನಡುವೆ ಎಳೆಯಿರಿ. ಆಮೇಲೆ ಒಣ ಪಟ್ಟಿಯನ್ನೂ ಎಳೆಯಿರಿ, ಅದು ಬೆಳ್ಳಗೆ ಹೊರಬರುವ ತನಕ. ಕೊನೆಗೆ ಗ್ಯಾಪ್ 0.4 ಮಿಲಿಮೀಟರ್ ಇದೆಯೇ ನೋಡಿ.

ನಿಜವಾಗಿ ಹೊಟ್ಟೆ ಉರಿಯುವುದು ಇನ್ನೊಂದು ಕಾರಣಕ್ಕೆ. ದೋಷ ಸಿಗದಿದ್ದರೆ ಈಗ ಇಡೀ ವೈರಿಂಗನ್ನೇ ಕತ್ತರಿಸಿ ಎಸೆದು, 12 ವೋಲ್ಟ್ ಮಾಡಿ, ಎಲೆಕ್ಟ್ರಾನಿಕ್ ಕಿಟ್ ಕೂರಿಸುವುದು ರೂಢಿಯಾಗಿದೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ಹೆಸರಲ್ಲಿ, 1973ರಿಂದ ಯೆಜ್ಡಿ ಹೆಸರಲ್ಲಿ ತಯಾರಾದ ಗಾಡಿಗಳಿವು. ಕಾರ್ಖಾನೆಯನ್ನು ಉದ್ಘಾಟಿಸಿದವರು ಜಯಚಾಮರಾಜ ಒಡೆಯರು. ಬೆಂಗಳೂರಿನಲ್ಲಿ ಅವರದೇ ಹೆಸರಿನ ಜೆ.ಸಿ. ರೋಡಿನಲ್ಲಿ ಇವತ್ತಿಗೂ ನಾವು ಸ್ಪೇರ್ ಪಾರ್ಟ್ ಹುಡುಕುತ್ತೇವೆ. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಹಾಗಾಗಿ ಕತ್ತರಿಸಿದ ಮೂಲ ವೈರಿಂಗ್ ಮತ್ತೆ ಹುಟ್ಟುವುದಿಲ್ಲ. ಕನ್ನಡದ ಕೆಲಸಗಾರರು ಕೈಯಾರೆ ಜೋಡಿಸಿದ, ಒಂದು ಮೀಟರ್ ಹಿಡಿದು ಯಾರು ಬೇಕಾದರೂ ಓದಬಹುದಾದ ವ್ಯವಸ್ಥೆ ಅದು. ಕಿಟ್ ಒಳಗಿನದು ಕಪ್ಪು ಅಂಟಿನಲ್ಲಿ ಹೂತ ಡಬ್ಬಿ. ಕೆಟ್ಟರೆ ಬಿಸಾಡಬೇಕು, ತೆರೆಯುವಂತಿಲ್ಲ. ಕಿಲುಬು ಒರೆಸಲು ಸೋಮಾರಿತನ ಮಾಡಿ ಅದನ್ನು ತಂದು ಕೂರಿಸಿ, "ಅಪ್‌ಗ್ರೇಡ್ ಮಾಡಿದೀವಿ" ಅಂತ ಹೆಮ್ಮೆಪಡುವುದನ್ನು ನಾನು ಒಪ್ಪಲಾರೆ.

ಸೆಲ್ಫ್ ಸ್ಟಾರ್ಟ್ ಇರುವ ಹೊಸ ಗಾಡಿಗೂ ಇದೇ ಧರ್ಮ. ಬಟನ್ ಒತ್ತಿದಾಗ ಟಕ್ ಅಂದು ಸುಮ್ಮನಾಯಿತೇ? ನಿಂತಾಗ ಬ್ಯಾಟರಿ 12.6 ತೋರಿಸಿತು ಅಂತ ನೆಮ್ಮದಿಯಾಗಬೇಡಿ, ಒತ್ತಿದಾಗ ಎಷ್ಟಕ್ಕೆ ಕುಸಿಯುತ್ತದೆ ನೋಡಿ. ಕುಸಿಯದೇ ಗಟ್ಟಿಯಾಗಿ ನಿಂತಿದ್ದರೆ ಬ್ಯಾಟರಿ ನಿರಪರಾಧಿ. ರಿಲೇ, ಕೇಬಲ್, ಅರ್ಥ್ ಬೋಲ್ಟ್ ಕಡೆ ಹೋಗಿ. ಜೆ.ಸಿ. ರೋಡಿಗೆ ಹೊರಡುವ ಮೊದಲು ದಯವಿಟ್ಟು ಹತ್ತು ನಿಮಿಷ ಕರೆಂಟ್ ಹರಿಸಿ ಅಳೆಯಿರಿ. ಅಳೆಯದೆ ಪಾರ್ಟ್ ಬದಲಿಸುವುದು ರಿಪೇರಿಯಲ್ಲ, ಬರೀ ವ್ಯಾಪಾರ.