ರೆಸಿಸ್ಟರಿನ ಲೆಕ್ಕ ಕೇಳುತ್ತಿದ್ದ ಎಸ್.ಪಿ. ರೋಡ್

ಶಾಲೆಯ ನಾಟಕಕ್ಕೋ ವಿಜ್ಞಾನ ವಸ್ತುಪ್ರದರ್ಶನಕ್ಕೋ ಬೆಳಗುವ, ಗುಂಯ್‌ಗುಡುವ ಕತ್ತಿಯೊಂದನ್ನು ಮನೆಯಲ್ಲೇ ಕಟ್ಟಲು ಹೊರಟ ಇಂದಿನ ಹುಡುಗರು ಹಿರಿಯರ ಮುಂದಿಡುವ ಪ್ರಶ್ನೆ, ಎಲ್‌ಇಡಿಗೆ ರೆಸಿಸ್ಟರ್ ಏಕೆ ಬೇಕು ಎಂಬುದು. 1980 ಮತ್ತು 90ರ ದಶಕಗಳಲ್ಲಿ ಬೆಂಗಳೂರಿನ ಪುರಭವನದ ಬಳಿಯ ಸಾದರ್ ಪತ್ರಪ್ಪ ರಸ್ತೆಯಲ್ಲಿ, ಊರವರ ಬಾಯಲ್ಲಿ ಎಸ್.ಪಿ. ರೋಡ್ ಆಗಿರುವ ಬೀದಿಯಲ್ಲಿ, ಅಂಗಡಿಯ ಗಲ್ಲಾ ದಾಟಿ ಬರುವಷ್ಟರಲ್ಲಿ ಈ ಪ್ರಶ್ನೆಗೆ ಉತ್ತರ ಸಿಕ್ಕಿರುತ್ತಿತ್ತು. ಅಂದಿನ ಚಿಲ್ಲರೆ ವ್ಯಾಪಾರದ ಬಹುಪಾಲಿಗೆ ಬಿಲ್ಲು ಎಂಬುದೇ ಇರಲಿಲ್ಲವಾದ್ದರಿಂದ ಆ ಕಾಲದ ಚಿತ್ರಕ್ಕೆ ಕಂಡವರ ನೆನಪೇ ಆಧಾರ, ಮತ್ತು ಈ ವಿಷಯದಲ್ಲಿ ಆ ನೆನಪು ಕಾಗದಕ್ಕಿಂತ ನಂಬಿಕೆಗೆ ಅರ್ಹ.

ಆ ನೆನಪಿನ ನಡುವೆ ಕೂತಿರುವವರು ಬಿಡಿಭಾಗಗಳ ಸಣ್ಣ ಮಳಿಗೆಯೊಂದರ ಹಿರಿಯ ಕೆಲಸಗಾರರು. ಗೋಡೆಯುದ್ದಕ್ಕೂ ಜೋಡಿಸಿದ್ದ ಚಿಕ್ಕ ಖಾನೆಗಳಿಂದ, ಮೈಮೇಲಿನ ಬಣ್ಣದ ಪಟ್ಟೆಗಳಲ್ಲೇ ತನ್ನ ಮೌಲ್ಯ ಹೇಳುವ ರೆಸಿಸ್ಟರನ್ನು ಅವರು ನೋಡಿಯೂ ನೋಡದಂತೆ ತೆಗೆಯುತ್ತಿದ್ದರು. ಆದರೆ ಕೊಡುವ ಮೊದಲು, "ಬ್ಯಾಟ್ರಿ ಎಷ್ಟು ವೋಲ್ಟು, ಒಂದು ಸಾಲಿಗೆ ಎಷ್ಟು ಎಲ್‌ಇಡಿ, ಹೇಳಪ್ಪಾ" ಎಂದು ಕೇಳದೆ ಬಿಡುತ್ತಿರಲಿಲ್ಲ. ಎಲ್‌ಇಡಿ ಬಲ್ಬಿನಂತಲ್ಲ, ತನಗೆ ಬೇಕಾದ ವೋಲ್ಟೇಜು ದಾಟಿದ ಕೂಡಲೇ ಅದು ಮಿತಿಯಿಲ್ಲದೆ ವಿದ್ಯುತ್ತನ್ನು ಎಳೆದುಕೊಂಡು ಸುಟ್ಟುಹೋಗುತ್ತದೆ, ಆ ಹರಿವಿಗೆ ತಡೆಯೊಡ್ಡುವುದೇ ರೆಸಿಸ್ಟರಿನ ಕೆಲಸ. ಕೆಂಪು ಎಲ್‌ಇಡಿಯೊಂದಕ್ಕೆ ಸುಮಾರು 2 ವೋಲ್ಟ್ ಬೇಕಾಗುವುದರಿಂದ, ಮೂರನ್ನು ಒಂದರ ಹಿಂದೊಂದು ಜೋಡಿಸಿದರೆ 6 ವೋಲ್ಟ್ ಖರ್ಚಾಗಿ 9 ವೋಲ್ಟಿನ ಬ್ಯಾಟರಿಯಲ್ಲಿ 3 ವೋಲ್ಟ್ ಉಳಿಯುತ್ತದೆ; ಅದನ್ನು 20 ಮಿಲಿಆಂಪಿಯರ್‌ನಿಂದ ಭಾಗಿಸಿದರೆ 150 ಓಮ್, ಅಂದರೆ ಕಂದು, ಹಸಿರು, ಕಂದು ಪಟ್ಟೆ. ಅಂಥ ಎಂಟು ಸಾಲು ಬೇಕೆಂದ ಹುಡುಗನಿಗೆ, ಒಟ್ಟು 160 ಮಿಲಿಆಂಪಿಯರ್ ಆಗುತ್ತದೆ, ಚೌಕದ ಪುಟ್ಟ ಬ್ಯಾಟರಿ ಬೇಗ ಸೋಲುತ್ತದೆ, ಹಿಡಿಯೊಳಗೆ ಆರು ಪೆನ್ಸಿಲ್ ಸೆಲ್ ಕೂರಿಸು ಎಂದು ತಿದ್ದಿ ಕಳಿಸುವುದೂ ಆ ವ್ಯಾಪಾರದೊಳಗೇ ಸೇರಿತ್ತು. ರೂಪಾಯಿಗೆ ನಾಲ್ಕು ಎಂಬ ರೆಸಿಸ್ಟರನ್ನು ಐದರಂತೆ ಕೊಡಬೇಕೆಂದು ಚೌಕಾಸಿಗಿಳಿದವನಿಗೆ ಅವರು ಬೆಲೆ ಇಳಿಸುತ್ತಿರಲಿಲ್ಲ, ಲೆಕ್ಕ ಸರಿಯಾಗಿ ಒಪ್ಪಿಸಿದವನ ಪೊಟ್ಟಣಕ್ಕೆ ಮಾತ್ರ ಒಂದೆರಡು ಹೆಚ್ಚಿಗೆ ಹಾಕುತ್ತಿದ್ದರು.

ಕತ್ತಿಯ ಅಲಗು ಎಂದರೆ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ, ಅದರೊಳಗೆ ಬೆಳಕು ಹರಡಲೆಂದು ಸುತ್ತಿದ ಬಟರ್ ಪೇಪರ್, ಉಪ್ಪುಕಾಗದದಿಂದ ತಲೆ ಉಜ್ಜಿ ಮಬ್ಬಾಗಿಸಿದ ಎಲ್‌ಇಡಿಗಳು. ಬಣ್ಣ ಕೆಂಪು, ಹಸಿರು ಅಥವಾ ಹಳದಿ. ಪ್ರಖರವಾದ ನೀಲಿ ಎಲ್‌ಇಡಿಯನ್ನು ಜಪಾನಿನ ಶುಜಿ ನಕಮುರ 1993ರಲ್ಲಿ ಹೊರತಂದ ಮೇಲೂ ಅದು ಈ ಬೀದಿಯ ಹುಡುಗರ ಕೈಗೆಟುಕುವ ಬೆಲೆಗೆ ಇಳಿಯಲು ವರ್ಷಗಳೇ ಹಿಡಿದುದರಿಂದ, ನೀಲಿ ಕತ್ತಿ ಬಯಸಿದವರು ಟಾರ್ಚ್ ಬಲ್ಬಿಗೆ ನೀಲಿ ಜಿಲೆಟಿನ್ ಕಾಗದ ಸುತ್ತಿ ತೃಪ್ತರಾಗುತ್ತಿದ್ದರು. ಸದ್ದಿಗೆ 555 ಎಂಬ ಎಂಟು ಕಾಲಿನ ಐಸಿ ಇತ್ತು: 1 ಕಿಲೋ ಓಮ್ ಮತ್ತು 68 ಕಿಲೋ ಓಮ್‌ಗಳ ಎರಡು ರೆಸಿಸ್ಟರ್, 0.1 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್ ಸೇರಿಸಿದರೆ ಸೆಕೆಂಡಿಗೆ ನೂರರಷ್ಟು ಕಂಪನದ ಗಡಸು ಗುಂಯ್‌ಗಾಟ ಪುಟ್ಟ ಸ್ಪೀಕರಿನಿಂದ ಹೊರಡುತ್ತಿತ್ತು. ಇಂಥ ಕತ್ತಿಗಳಿಗೆಲ್ಲ ಮಾದರಿಯಾದ 1977ರ 'ಸ್ಟಾರ್ ವಾರ್ಸ್' ಚಿತ್ರದಲ್ಲೂ ಧ್ವನಿ ವಿನ್ಯಾಸಕ ಬೆನ್ ಬರ್ಟ್ ಅವರು ಕತ್ತಿಯ ಸದ್ದನ್ನು ಕಟ್ಟಿದ್ದು ಹಳೆಯ ಪ್ರೊಜೆಕ್ಟರಿನ ಮೋಟಾರು ಮತ್ತು ಟಿವಿಯ ಪಿಕ್ಚರ್ ಟ್ಯೂಬಿನ ಗುನುಗುಗಳಿಂದಲೇ ಎಂಬುದನ್ನು ಇಲ್ಲಿ ಗೌರವದಿಂದ ನೆನೆಯಬೇಕು, ಏಕೆಂದರೆ ಇದ್ದುದರಲ್ಲೇ ಮಾಡುವ ಆ ಬುದ್ಧಿ ಇಲ್ಲಿನದೂ ಆಗಿತ್ತು.

ಇವೆಲ್ಲವನ್ನೂ ಒಂದುಗೂಡಿಸುತ್ತಿದ್ದುದು ಬೆಸುಗೆಯ ವಾಸನೆ. ತವರ ಮತ್ತು ಸೀಸದ ತಂತಿಯೊಳಗಿನ ರಾಳ ಕಾದ ಕಡ್ಡಿಯ ತುದಿಗೆ ತಾಗಿ ಎಳೆಯಾಗಿ ಏಳುವ ಆ ಹೊಗೆಯಲ್ಲಿ ಹರಳೆಣ್ಣೆಯ ಜಿಡ್ಡೂ ಊದುಬತ್ತಿಯ ಘಾಟೂ ಬೆರೆತಂತಿದ್ದು, ರಿಪೇರಿ ಮೇಜುಗಳಿದ್ದ ಮಳಿಗೆಗಳ ಮುಂದೆ ಬೆಳಗಿನಿಂದಲೇ ಅದು ನಿಂತಿರುತ್ತಿತ್ತು. ಆ ಹೊಗೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲವೆಂದು, ಸೀಸ ಮುಟ್ಟಿದ ಕೈಯನ್ನು ತೊಳೆಯದೆ ಊಟಕ್ಕೆ ಕೂರಬಾರದೆಂದು ಹುಡುಗರಿಗೆ ಹೇಳಿದವರು ಕಡಿಮೆ. ಹಳೆಯ ಬೋರ್ಡಿನಿಂದ ಕಿತ್ತ ಐಸಿಯನ್ನು ಹೊಸದೆಂದು ಮಾರಿದ ಅಂಗಡಿಗಳೂ ಇದ್ದವು. ಹೆಣ್ಣುಮಕ್ಕಳು ಆ ಗಲ್ಲಾಗಳ ಮುಂದೆ ಕಾಣುತ್ತಿದ್ದುದು ಅಪರೂಪ. ರಾಯಚೂರಿನಲ್ಲೋ ಕೊಳ್ಳೇಗಾಲದಲ್ಲೋ ಇದ್ದ ಹುಡುಗನಿಗಂತೂ ಆ ರಸ್ತೆ ಇದ್ದೂ ಇಲ್ಲದ ಹಾಗೆ. ಇಂದು ಅವನಿಗೆ ಅದೇ ಬಿಡಿಭಾಗ ಅಂಚೆಯಲ್ಲಿ ಮನೆಗೇ ಬರುತ್ತದೆ, ಅದರ ಪೂರ್ಣ ವಿವರಪತ್ರ ಕಾಸಿಲ್ಲದೆ ಸಿಗುತ್ತದೆ. ಈ ಗಳಿಕೆ ಸಣ್ಣದಲ್ಲ, ಹಳೆಯದನ್ನು ಹೊಗಳುವವರು ಇದನ್ನು ಮರೆಯಬಾರದು.

ಆದರೂ ಕಳೆದುದು ಸಣ್ಣದಲ್ಲ. ಇಂದಿನ ಕತ್ತಿಯೊಳಗೆ ಹೋಗುವುದು ಡಬ್ಲ್ಯುಎಸ್ 2812ಬಿ ಎಂಬ ಬಿಂದುಗಳ ಪಟ್ಟಿ. ಪ್ರತಿ ಬಿಂದುವಿನಲ್ಲಿ ಕೆಂಪು, ಹಸಿರು, ನೀಲಿ ಮೂರೂ, ಅವುಗಳ ಹರಿವಿಗೆ ಮಿತಿ ಹಾಕುವ ಚಿಪ್ಪೂ ಒಟ್ಟಿಗೇ ಅಡಗಿರುವುದರಿಂದ ರೆಸಿಸ್ಟರಿನ ಲೆಕ್ಕ ಕಟ್ಟುವವನ ಕೈ ತಪ್ಪಿದೆ. ಮೀಟರಿಗೆ 144 ಬಿಂದುಗಳಿರುವ ಪಟ್ಟಿ ಪೂರ್ಣ ಬಿಳಿಯಾಗಿ ಬೆಳಗಿದರೆ, ಬಿಂದುವಿಗೆ 60 ಮಿಲಿಆಂಪಿಯರ್‌ನಂತೆ ಎಂಟು ಆಂಪಿಯರ್‌ಗೂ ಹೆಚ್ಚು ಎಳೆಯುತ್ತದೆಂದು ಗಲ್ಲಾದ ಆಚೆಯಿಂದ ಎಚ್ಚರಿಸುವವರಿಲ್ಲ. ತಂತಿ ಬಿಸಿಯಾಗಿ ಹೊದಿಕೆ ಕರಗಿದಾಗ ಮಗು ಪಟ್ಟಿಯನ್ನು ಎಸೆದು ಇನ್ನೊಂದನ್ನು ತರಿಸುತ್ತದೆ. ಖಾನೆಗಳಿದ್ದ ಎಷ್ಟೋ ಮಳಿಗೆಗಳಲ್ಲಿ ಈಗ ಸಿಸಿಟಿವಿ ಕ್ಯಾಮರಾ ಮತ್ತು ಕಂಪ್ಯೂಟರ್ ಸಾಮಾನು ತುಂಬಿದೆ, ಮತ್ತು ರೋಬೋಟಿಕ್ಸ್ ಹೆಸರಿನಲ್ಲಿ ಸಿದ್ಧ ಕಿಟ್ಟುಗಳಿಗೆ ಸಾವಿರಗಟ್ಟಲೆ ಸುರಿಯುವ ಶಾಲೆಗಳು ಮಕ್ಕಳಿಗೆ ಜೋಡಿಸುವುದನ್ನಷ್ಟೇ ಕಲಿಸಿ, ಅರಿಯುವುದನ್ನು ಕಿತ್ತುಕೊಂಡಿವೆ.

ಬಿಡಿ ರೆಸಿಸ್ಟರ್ ಕೊಡುವ ಮಳಿಗೆಗಳು ಎಸ್.ಪಿ. ರೋಡಿನಲ್ಲಿ ಇನ್ನೂ ಉಳಿದಿವೆ. ಮುಂದಿನ ಕಿಟ್ಟಿಗೆ ಹಣ ಕಟ್ಟುವ ಮೊದಲು ಶಿಕ್ಷಕರೂ ತಂದೆತಾಯಿಗಳೂ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಒಂದು ಕೆಂಪು ಎಲ್‌ಇಡಿ ಮತ್ತು ಒಂದು ಬ್ಯಾಟರಿ ಕೊಡಿಸಿ, ಯಾವ ರೆಸಿಸ್ಟರ್ ಬೇಕೆಂಬುದನ್ನು ಅವರಿಂದಲೇ ಲೆಕ್ಕ ಹಾಕಿಸಬೇಕು.